ಗೇಮೆ ಬೇರೆ, ಸಾಮು ಬೇರೆ: ದುಡಿಯುವ ಮೈಯ ನೋವು ಮತ್ತು ಹೊಸ ಸಂಶೋಧನೆ

(ಚಿಕ್ಕರಸಿನಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸ ಎಂದರೆ ವಚನ, ಜಾನಪದ, ಕಾವ್ಯದ ಮೇಲೆ ಮಾತು ಎನ್ನುವುದು ರೂಢಿ. ಈ ಸಲ ಸೊಂಟ ನೋವು, ಮಂಡಿ ನೋವಿನ ಬಗ್ಗೆ ಮಾತಾಡಿ ಎಂದು ದತ್ತಿ ಇಟ್ಟವರ ಮನೆಯವರೇ ಕೇಳಿದರು. ಫಿಸಿಯೋಥೆರಪಿ ವೃತ್ತಿಯಲ್ಲಿರುವ ನನಗೆ ಇದು ಸಂತೋಷದ ವಿಷಯ. ಊರಿನ ಹೆಚ್ಚು ಜನರನ್ನು ಹೆಚ್ಚು ದಿನ ಕಾಡುವ ತೊಂದರೆಗೆ ಊರ ವೇದಿಕೆಯಲ್ಲಿ ಒಂದು ಗಂಟೆ ಸಿಗುವುದು ಅಪರೂಪ.

ಮೊದಲು ಲೆಕ್ಕ. 2020ರಲ್ಲಿ ಜಗತ್ತಿನಲ್ಲಿ ಸೊಂಟ ನೋವಿದ್ದವರು ಸುಮಾರು 61.9 ಕೋಟಿ. 2050ರ ಹೊತ್ತಿಗೆ ಈ ಸಂಖ್ಯೆ 84.3 ಕೋಟಿ ಮುಟ್ಟಬಹುದು ಎಂದು 2023ರಲ್ಲಿ ‘ಲ್ಯಾನ್ಸೆಟ್ ರುಮಟಾಲಜಿ’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ. ಜನರನ್ನು ಬದುಕಿದ್ದೂ ಕೆಲಸಕ್ಕಾಗದಂತೆ ಮಾಡುವ ಕಾರಣಗಳಲ್ಲಿ ಸೊಂಟ ನೋವಿಗೇ ಮೊದಲ ಸ್ಥಾನ. ಇದು ಕುರ್ಚಿಯಲ್ಲಿ ಕೂರುವ ಪಟ್ಟಣದವರ ಕಾಯಿಲೆ ಎಂದು ಯಾರಾದರೂ ಅಂದುಕೊಂಡಿದ್ದರೆ, ಪುಣೆ ಜಿಲ್ಲೆಯ ಭಿಗವಣ ಗ್ರಾಮದ ಕಡೆ ನೋಡಬೇಕು. 1996ರಲ್ಲಿ ಡಾ. ಅರವಿಂದ ಚೋಪ್ರಾ ಅವರ ತಂಡ ಅಲ್ಲಿ ಮನೆಮನೆಗೆ ಹೋಗಿ ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಸಮೀಕ್ಷೆ ಮಾಡಿತು. ಆ ಊರಿನ ಜನರ ದೂರುಗಳಲ್ಲಿ ಮುಂದಿದ್ದದ್ದು ಕೀಲು, ಸ್ನಾಯು, ಮೂಳೆಗಳ ನೋವೇ. ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಕಟ್ಟಿದ ‘ಸರ್ಚ್’ ಸಂಸ್ಥೆಯೂ ಹಳ್ಳಿಗರ ಬೆನ್ನು ನೋವನ್ನು ಸಂಶೋಧನೆಗೆ ಎತ್ತಿಕೊಂಡಿದೆ.

ನಮ್ಮ ಸೀಮೆಗೆ ಬರೋಣ. ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಭತ್ತ, ಕಬ್ಬು ತುಂಬಿಕೊಂಡವು. ಈ ಚಿಕ್ಕರಸಿನಕೆರೆ (ಸಿ.ಎ. ಕೆರೆ) ಹೋಬಳಿಯಲ್ಲಿ, ಭಾರತೀನಗರದ ಸಕ್ಕರೆ ಕಾರ್ಖಾನೆಯ ಆಸುಪಾಸಿನಲ್ಲಿ, ಗೇಮೆ ಎಂದರೆ ಏನೆಂದು ನಾನು ನಿಮಗೆ ವಿವರಿಸಬೇಕಾಗಿಲ್ಲ. ಹೆಂಗಸರು ಪೈರು ಕಿತ್ತು ಕಂತೆ ಕಟ್ಟಿ ದಿನವಿಡೀ ಬಾಗಿ ನಾಟಿ ಹಾಕುತ್ತಾರೆ. ಗಂಡಸರು ಕಬ್ಬು ಕಡಿದು, ಸೋಗೆ ಸವರಿ, ಹೊರೆ ಹೊತ್ತು ಹಲಗೆ ಹತ್ತಿ ಲಾರಿಗೆ ತುಂಬುತ್ತಾರೆ. ರೇಷ್ಮೆ ಮನೆಯಲ್ಲಿ ಸೊಪ್ಪು, ಕೊಟ್ಟಿಗೆಯಲ್ಲಿ ಸಗಣಿ, ಡೇರಿಗೆ ಹಾಲು, ನಡುವೆ ಮೇವಿನ ಹೊರೆ. ಇಂಥವರಿಗೆ ದವಾಖಾನೆಯಲ್ಲಿ “ವ್ಯಾಯಾಮ ಮಾಡಿ” ಎಂದರೆ ಬರುವ ಉತ್ತರ ಒಂದೇ: “ದಿನಾ ಇಷ್ಟೊಂದು ಗೇಯ್ತೀವಲ್ಲ ಸಾ, ಇನ್ಯಾತರ ವ್ಯಾಯಾಮ?”

ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಸರಿಯಾದ ಉತ್ತರ ಕೊಡದ ಯಾವ ಚಿಕಿತ್ಸೆಯೂ ನಮ್ಮ ಹಳ್ಳಿಯಲ್ಲಿ ನಿಲ್ಲುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಗೆ ಉತ್ತರ.

ನೋವು ಹುಟ್ಟುವ ಬಗೆ

ಪೆಟ್ಟು ಎಷ್ಟು ದೊಡ್ಡದೋ ನೋವೂ ಅಷ್ಟೇ ದೊಡ್ಡದು ಎಂದು ಬಹಳ ಕಾಲ ನಂಬಿದ್ದೆವು. 1965ರಲ್ಲಿ ರೊನಾಲ್ಡ್ ಮೆಲ್ಝ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಈ ನಂಬಿಕೆಯನ್ನು ಅಲುಗಾಡಿಸಿದರು. ಮೈಯಿಂದ ಹೊರಟ ಸಂದೇಶ ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಅದಕ್ಕೊಂದು ಬಾಗಿಲಿದೆ ಎಂದರು. ನಾಲೆಯ ತೂಬನ್ನು ನೆನೆಸಿಕೊಳ್ಳಿ. ಹಿಂದೆ ನೀರು ಎಷ್ಟೇ ಇರಲಿ, ಗದ್ದೆಗೆ ಎಷ್ಟು ಬರಬೇಕೆಂದು ತೀರ್ಮಾನಿಸುವುದು ತೂಬು. ಪೆಟ್ಟಾದ ಜಾಗವನ್ನು ಉಜ್ಜಿಕೊಂಡರೆ ನೋವು ಇಳಿಯುವುದೇಕೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ. ಸ್ಪರ್ಶದ ಸಂದೇಶ ಬಂದು ನೋವಿನ ಸಂದೇಶದ ದಾರಿಯನ್ನು ಕಿರಿದು ಮಾಡುತ್ತದೆ. ಮಿದುಳಿನಿಂದ ಕೆಳಗಿಳಿಯುವ ಸಂದೇಶಗಳೂ ಅದೇ ಬಾಗಿಲನ್ನು ತೆರೆಯುತ್ತವೆ, ಮುಚ್ಚುತ್ತವೆ. ನಿದ್ದೆಗೆಟ್ಟ ರಾತ್ರಿ, ಸಾಲದ ಚಿಂತೆ, “ಇನ್ನು ನನ್ನ ಸೊಂಟ ಮುಗೀತು” ಎಂಬ ಹೆದರಿಕೆ, ಇವೆಲ್ಲ ಅದನ್ನು ಅಗಲಕ್ಕೆ ತೆರೆದಿಡುತ್ತವೆ.

1983ರಲ್ಲಿ ಕ್ಲಿಫರ್ಡ್ ವುಲ್ಫ್ ಇನ್ನೊಂದು ಸಂಗತಿ ತೋರಿಸಿದರು. ನೋವಿನ ಸಂದೇಶ ಪದೇಪದೇ ಬಂದರೆ ಬೆನ್ನುಹುರಿಯ ನರಕೋಶಗಳೇ ಸೂಕ್ಷ್ಮವಾಗುತ್ತವೆ. ಆಮೇಲೆ ಸಣ್ಣ ಒತ್ತಡಕ್ಕೂ ದೊಡ್ಡ ನೋವು ಬರುತ್ತದೆ. ಮೊದಲಿನ ಗಾಯ ಮಾಯ್ದು ತಿಂಗಳುಗಳೇ ಆಗಿದ್ದರೂ ನೋವು ಉಳಿಯುವುದುಂಟು. ಇದನ್ನು ಕೇಳಿ ಯಾರೂ “ಹಾಗಾದರೆ ನೋವು ಬರೀ ಮನಸ್ಸಿನದು” ಎಂದುಕೊಳ್ಳಬಾರದು. ನೋವು ನಿಜ, ನರಗಳಲ್ಲಿ ಆದ ಬದಲಾವಣೆಯೂ ನಿಜ. ನೋವು ಹೆಚ್ಚಾಯಿತೆಂದರೆ ಒಳಗೆ ಹಾನಿ ಹೆಚ್ಚಾಗಿದೆ ಎಂದೇ ಅರ್ಥವಲ್ಲ, ಅಷ್ಟೆ.

ಈ ಕ್ಷೇತ್ರದ ಒಂದು ದೊಡ್ಡ ಗೌರವ ನಮ್ಮ ಅಡುಗೆಮನೆಯ ಮೆಣಸಿನಕಾಯಿಯ ಮೂಲಕ ಬಂದದ್ದು. ಖಾರದ ಅಂಶವಾದ ಕ್ಯಾಪ್ಸೈಸಿನ್ ಯಾವ ಬಾಗಿಲಿನಿಂದ ನರವನ್ನು ಕೆರಳಿಸುತ್ತದೆ ಎಂದು ಹುಡುಕಿ ಹೊರಟ ಡೇವಿಡ್ ಜೂಲಿಯಸ್ 1997ರಲ್ಲಿ ಅದನ್ನು ಕಂಡುಹಿಡಿದರು. ಉರಿ, ಬಿಸಿ ಎರಡನ್ನೂ ನಮ್ಮ ಮೈ ಅದೇ ಬಾಗಿಲಿನಿಂದ ಅರಿಯುತ್ತದೆ. 2021ರ ವೈದ್ಯವಿಜ್ಞಾನದ ನೊಬೆಲ್ ಬಹುಮಾನ ಅವರಿಗೂ ಆರ್ಡೆಮ್ ಪಟಪೂಟಿಯನ್ ಅವರಿಗೂ ಸಂದಿತು. ಮೆಣಸಿನಕಾಯಿ ಅಂಶದ ಮುಲಾಮು ನೋವಿಗೆ ಹಚ್ಚಲು ಬಳಕೆಯಲ್ಲಿದೆ. ಅದು ಬರಿಯ ಅಜ್ಜಿಮದ್ದಲ್ಲ.

ಎಂಆರ್‌ಐ ಹೇಳುವುದೆಷ್ಟು

ಸೊಂಟ ನೋವೆಂದು ಹೋದವರ ಕೈಗೆ ಈಗ ಬೇಗ ಒಂದು ಎಂಆರ್‌ಐ ವರದಿ ಬರುತ್ತದೆ. ಡಿಸ್ಕ್ ಉಬ್ಬಿದೆ, ಸವೆದಿದೆ, ನೀರಿನಂಶ ಕಡಿಮೆಯಾಗಿದೆ ಎಂದು ಅದರಲ್ಲಿ ಬರೆದಿರುತ್ತದೆ. ಅಂದಿನಿಂದ ಆ ಮನುಷ್ಯ ಬಿಂದಿಗೆ ಎತ್ತಲೂ ಹೆದರುತ್ತಾನೆ.

2015ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ಸೊಂಟ ನೋವೇ ಇಲ್ಲದ 3,110 ಜನರ ಚಿತ್ರಗಳನ್ನು, 33 ಅಧ್ಯಯನಗಳಿಂದ ಒಟ್ಟುಗೂಡಿಸಿ ನೋಡಿತು. ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತ ಕಾಣಿಸಿತು. ಎಂಬತ್ತರ ವಯಸ್ಸಿನವರಲ್ಲಿ ಅದು ಶೇ. 96. ಡಿಸ್ಕ್ ಉಬ್ಬು ಇಪ್ಪತ್ತರಲ್ಲಿ ಶೇ. 30, ಎಂಬತ್ತರಲ್ಲಿ ಶೇ. 84. ಮತ್ತೊಮ್ಮೆ ಹೇಳುತ್ತೇನೆ, ಇವರಲ್ಲಿ ಯಾರಿಗೂ ನೋವಿರಲಿಲ್ಲ. ತಲೆಗೂದಲು ನೆರೆಯುವುದು ಹೇಗೆ ವಯಸ್ಸಿನ ಗುರುತೋ ಇದರಲ್ಲಿ ಬಹುಪಾಲು ಹಾಗೆಯೇ.

ನಿಜವಾಗಿಯೂ ಡಿಸ್ಕ್ ಹೊರಬಂದು ನರವನ್ನು ಒತ್ತಿ, ಕಾಲಿನುದ್ದಕ್ಕೂ ಸೆಳೆತ ಬಂದವರೂ ಇದ್ದಾರೆ. ಅವರಿಗೂ ಹೇಳಲು ಒಳ್ಳೆಯ ಮಾತಿದೆ. ಹೊರಬಂದ ತುಂಡನ್ನು ಮೈ ತಾನೇ ಕರಗಿಸುತ್ತದೆ. 2015ರ ಇನ್ನೊಂದು ಸಮೀಕ್ಷೆಯಲ್ಲಿ, ಪೂರಾ ಬೇರ್ಪಟ್ಟ ತುಂಡುಗಳಲ್ಲಿ ಶೇ. 96ರಷ್ಟು ಪೂರ್ತಿಯಾಗಿಯೋ ಭಾಗಶಃವೋ ಕುಗ್ಗಿದ್ದವು. ದೊಡ್ಡದಾಗಿ ಹೊರಬಿದ್ದದ್ದೇ ಬೇಗ ಕರಗುವುದು ಇದರಲ್ಲಿನ ವಿಚಿತ್ರ. ರಕ್ತದ ಸಂಪರ್ಕಕ್ಕೆ ಬಂದ ತುಂಡನ್ನು ಮೈಯ ರಕ್ಷಣಾ ಕೋಶಗಳು ಹೊರಗಿನದೆಂದು ಗುರುತಿಸಿ ತಿಂದುಹಾಕುವುದು ಇದಕ್ಕೆ ಮುಖ್ಯ ಕಾರಣ. ಆದ್ದರಿಂದ ವರದಿ ನೋಡಿ ಗಾಬರಿಯಾಗಬೇಡಿ. ವೈದ್ಯರು ಮೈ ಮುಟ್ಟಿ, ಕಾಲಿನ ಬಲ, ಸ್ಪರ್ಶ, ನಡಿಗೆ ಪರೀಕ್ಷಿಸಿದ ಮೇಲೆ ಬೇಕೆನಿಸಿದರೆ ಎಂಆರ್‌ಐ ಮಾಡಿಸಿ.

ಮಲಗುವುದೋ, ನಡೆಯುವುದೋ

ಸೊಂಟ ಹಿಡಿದುಕೊಂಡರೆ ಮೂರು ವಾರ ಗಟ್ಟಿ ಹಲಗೆಯ ಮೇಲೆ ಅಲ್ಲಾಡದೆ ಮಲಗಿಸುತ್ತಿದ್ದ ಕಾಲವೊಂದಿತ್ತು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೋ 203 ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಒಂದಕ್ಕೆ ಎರಡು ದಿನ ಮಲಗಲು, ಇನ್ನೊಂದಕ್ಕೆ ಏಳು ದಿನ ಮಲಗಲು ಹೇಳಿದರು. ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡು ದಿನದವರು ಕಳೆದುಕೊಂಡ ಕೆಲಸದ ದಿನಗಳು ಮಾತ್ರ ಶೇ. 45 ಕಡಿಮೆ. 1995ರಲ್ಲಿ ಹೆಲ್ಸಿಂಕಿ ನಗರಸಭೆಯ 186 ನೌಕರರ ಮೇಲೆ ಪ್ರಯೋಗ ನಡೆಸಿ ಫಿನ್ಲೆಂಡಿನವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಎರಡು ದಿನ ಮಲಗುವುದು, ಬೆನ್ನಿನ ವ್ಯಾಯಾಮ, ನೋವು ಸಹಿಸುವಷ್ಟು ಮಾಮೂಲು ಓಡಾಟ, ಈ ಮೂರರಲ್ಲಿ ಗೆದ್ದದ್ದು ಮಾಮೂಲು ಓಡಾಟ.

ಇನ್ನು ಹತ್ತಿರದ ವರ್ಷಗಳ ಸಂಶೋಧನೆ. ಸೊಂಟ ನೋವಿನ ದೊಡ್ಡ ತಾಪತ್ರಯ ಅದು ಮರಳಿ ಮರಳಿ ಬರುವುದು. 2024ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಆಗತಾನೇ ಸೊಂಟ ನೋವಿನಿಂದ ಚೇತರಿಸಿಕೊಂಡ 701 ಜನರಿದ್ದರು. ಅರ್ಧ ಜನರಿಗೆ ಫಿಸಿಯೋಥೆರಪಿಸ್ಟ್ ತಿಳುವಳಿಕೆ ಕೊಟ್ಟು, ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುವ ಮಟ್ಟಕ್ಕೆ ತಂದರು. ಉಳಿದವರಿಗೆ ಏನೂ ಇಲ್ಲ. ನೋವು ಮರಳಲು ನಡೆದವರಿಗೆ ಹಿಡಿದ ಮಧ್ಯಮ ಅವಧಿ 208 ದಿನ, ಉಳಿದವರಿಗೆ 112 ದಿನ. ನಡೆಯಲು ಜಿಮ್ ಬೇಡ, ಯಂತ್ರ ಬೇಡ, ದುಡ್ಡೂ ಬೇಡ.

ವರ್ಷಗಟ್ಟಲೆ ನೋವಿನಲ್ಲಿ ಬೆಂದವರ ಮೇಲೆ 2023ರಲ್ಲಿ ಬಂದ ‘ರಿಸ್ಟೋರ್’ ಎಂಬ ಪ್ರಯೋಗ ನನ್ನ ವೃತ್ತಿಯವರೆಲ್ಲ ಓದಬೇಕಾದದ್ದು. 492 ರೋಗಿಗಳು. ಫಿಸಿಯೋಥೆರಪಿಸ್ಟ್ ಅವರ ಮೈಗೆ ಯಂತ್ರ ಹಚ್ಚಲಿಲ್ಲ. ಕೂತು ಮಾತಾಡಿದರು, ನೋವು ಯಾಕೆ ಹೀಗೆ ಎಂದು ಬಿಡಿಸಿ ಹೇಳಿದರು, ಯಾವ ಬಾಗುವಿಕೆಗೆ ಹೆದರುತ್ತಾರೋ ಅದನ್ನೇ ಉಸಿರು ಸಡಿಲಿಸಿ ಮಾಡಿಸಿದರು, ನಿದ್ದೆ-ನಡಿಗೆ ಸರಿಪಡಿಸಿದರು. ಹನ್ನೆರಡು ವಾರದಲ್ಲಿ ಏಳು ಭೇಟಿ, ಆರು ತಿಂಗಳಿಗೆ ಮತ್ತೊಂದು. ಒಂದು ವರ್ಷವಾದರೂ ಗುಣ ನಿಂತಿತು. ಮೂರು ವರ್ಷದ ಬಳಿಕವೂ ನಿಂತಿದೆ ಎಂದು 2025ರ ವರದಿ ಹೇಳುತ್ತದೆ. ಒಂದು ಗುಂಪಿಗೆ ಚಲನೆಯನ್ನು ಅಳೆಯುವ ದುಬಾರಿ ಸೆನ್ಸರ್‌ಗಳನ್ನೂ ಕೊಟ್ಟಿದ್ದರು. ಅದರಿಂದ ಕೂಡಿ ಬಂದದ್ದು ಏನೂ ಇಲ್ಲ.

ಯೋಗದ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಸಂಶೋಧನೆಯಿದೆ. ಬೆಂಗಳೂರು ಬಳಿಯ ಜಿಗಣಿಯಲ್ಲಿರುವ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ತಂಡ ದೀರ್ಘಕಾಲದ ಸೊಂಟ ನೋವಿದ್ದ 80 ಜನರನ್ನು ಒಂದು ವಾರ ಅಲ್ಲೇ ಇರಿಸಿಕೊಂಡು, ಅರ್ಧ ಜನರಿಗೆ ಯೋಗ, ಅರ್ಧ ಜನರಿಗೆ ವ್ಯಾಯಾಮ ಮಾಡಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಯೋಗದವರಿಗೆ ಹೆಚ್ಚು ಗುಣ ಕಂಡಿತ್ತು. 1934ರಲ್ಲಿ ಮೈಸೂರಿಗೆ ಬಂದು ಕೃಷ್ಣಮಾಚಾರ್ಯರಲ್ಲಿ ಯೋಗ ಕಲಿತವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಅವರ ಪದ್ಧತಿಯ ಪಾಠಗಳನ್ನೂ ಸೇರಿಸಿ ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯ 313 ಜನರ ಮೇಲೆ ಪ್ರಯೋಗ ನಡೆಸಿ 2011ರಲ್ಲಿ ಪ್ರಕಟಿಸಿತು. ವರ್ಷದವರೆಗೂ ಯೋಗದವರು ಉತ್ತಮವಾಗಿದ್ದರು. ಅದೇ ವರ್ಷ ಸಿಯಾಟಲ್‌ನಲ್ಲಿ ಯೋಗವನ್ನೂ ಮೈ ಎಳೆಯುವ ಸಾದಾ ವ್ಯಾಯಾಮವನ್ನೂ ಹೋಲಿಸಿದಾಗ ಎರಡೂ ಸರಿಸಮ ಬಂದವು. ಯಾವುದನ್ನು ಮಾಡುತ್ತೀರಿ ಎಂಬುದಕ್ಕಿಂತ ಬಿಡದೆ ಮಾಡುತ್ತೀರಾ ಎಂಬುದು ಮುಖ್ಯ ಎಂದು ನಾನು ಇದನ್ನು ಓದಿಕೊಂಡಿದ್ದೇನೆ.

ಗೇಮೆ ಏಕೆ ಸಾಮು ಆಗದು

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೇಲೆ ಹೇಳಿದ ಪ್ರಯೋಗಗಳಲ್ಲಿ ಇದ್ದವರು ಬಹುಪಾಲು ಸಿಡ್ನಿ, ಹೆಲ್ಸಿಂಕಿ, ಯಾರ್ಕ್‌ನಂಥ ಕಡೆಯವರು. ಅವರಲ್ಲಿ ಮೂರು ತಿಂಗಳ ನಾಟಿ ಹಾಕಿದವರಿಲ್ಲ. ಕುಳಿತವರಿಗೆ ಕೊಟ್ಟ “ಅಲ್ಲಾಡಿ” ಎಂಬ ಸಲಹೆಯನ್ನು ಬೆಳಗಿನಿಂದ ಸಂಜೆವರೆಗೆ ಬಾಗಿದವರಿಗೆ ಹಾಗೇ ಒಪ್ಪಿಸುವುದು ತಪ್ಪು.

ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತವರ ಸಂಗಡಿಗರು ಈ ವಿಷಯವನ್ನೇ ಹಿಡಿದು ವರ್ಷಗಳಿಂದ ಕೆಲಸ ಮಾಡಿದ್ದಾರೆ. ಬಿಡುವಿನಲ್ಲಿ ಮೈ ದಣಿಸುವವರ ಆರೋಗ್ಯ ಸುಧಾರಿಸುತ್ತದೆ. ಹೊಟ್ಟೆಪಾಡಿಗೆ ಮೈ ದಣಿಸುವವರಿಗೆ ಆ ಲಾಭ ಸಿಗುವುದಿಲ್ಲ. 2018ರಲ್ಲಿ 1.9 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ ನೋಡಿದಾಗ, ಭಾರವಾದ ದೈಹಿಕ ದುಡಿಮೆಯ ಗಂಡಸರಲ್ಲಿ ಅಕಾಲ ಸಾವಿನ ಅಪಾಯ ಹಗುರ ಕೆಲಸದವರಿಗಿಂತ ಶೇ. 18 ಹೆಚ್ಚಿತ್ತು. ಕಾರಣಗಳು ನಮಗೆ ಅರ್ಥವಾಗುವಂಥವೇ. ಗೇಮೆ ತಾಸುಗಟ್ಟಲೆ ನಡೆಯುತ್ತದೆ, ಒಂದೇ ಭಂಗಿಯಲ್ಲಿ ನಡೆಯುತ್ತದೆ, ಸಾಕು ಅನಿಸಿದಾಗ ನಿಲ್ಲಿಸುವ ಹಕ್ಕು ಕೂಲಿಯವರಿಗಿಲ್ಲ, ಚೇತರಿಸಿಕೊಳ್ಳುವ ಬಿಡುವೂ ಇಲ್ಲ.

ಬಾಗಿ ನಾಟಿ ಹಾಕುವಾಗ ಬೆನ್ನಿನಲ್ಲಿ ಆಗುವುದನ್ನೇ ನೋಡಿ. ಮಂಡಿ ನೇರವಿಟ್ಟು ಪೂರಾ ಬಾಗಿದಾಗ ಬೆನ್ನಿನ ಸ್ನಾಯುಗಳು ಕೆಲಸ ನಿಲ್ಲಿಸಿಬಿಡುತ್ತವೆ. ಸ್ನಾಯುವಿನ ವಿದ್ಯುತ್ ಸಂಕೇತ ಅಳೆದು ಇದನ್ನು 1950ರ ದಶಕದಲ್ಲೇ ತೋರಿಸಿದ್ದಾರೆ. ಆಗ ಸೊಂಟದ ಮೇಲಿನ ಮೈಯ ಭಾರವೆಲ್ಲ ಬೆನ್ನೆಲುಬಿನ ಹಿಂದಿನ ಕಟ್ಟುನಾರುಗಳ ಮೇಲೆ, ಡಿಸ್ಕುಗಳ ಮೇಲೆ ಬೀಳುತ್ತದೆ. ಹೊತ್ತು ಹೋದಂತೆ ಆ ನಾರುಗಳು ನಿಧಾನವಾಗಿ ಜಗ್ಗುತ್ತವೆ. ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ 1992ರಲ್ಲಿ ಜನರನ್ನು 20 ನಿಮಿಷ ಪೂರಾ ಬಾಗಿಸಿ ಅಳೆದರು. ಎದ್ದ ಮೇಲೆ ಎರಡು ನಿಮಿಷದಲ್ಲಿ ಅರ್ಧದಷ್ಟು ಬಿಗುವು ಮರಳಿತು. ಪೂರಾ ಮರಳಲು ಅರ್ಧ ಗಂಟೆಯೂ ಸಾಲಲಿಲ್ಲ. ಅಂದರೆ ಬಹಳ ಹೊತ್ತು ಬಾಗಿದ್ದು ಎದ್ದ ಕೂಡಲೇ ಪೈರಿನ ಕಂತೆಯನ್ನೋ ಮೇವಿನ ಹೊರೆಯನ್ನೋ ಎತ್ತಿದರೆ, ಜಗ್ಗಿದ ನಾರುಗಳ ಮೇಲೆಯೇ ಹೊಸ ಭಾರ ಬೀಳುತ್ತದೆ. ಎದ್ದು, ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ಬಾಗಿ, ನಾಲ್ಕು ಹೆಜ್ಜೆ ಬದುವಿನ ಮೇಲೆ ನಡೆದು, ಆಮೇಲೆ ಹೊರೆಗೆ ಕೈ ಹಾಕಬೇಕು.

ಗೇಮೆಗೂ ಸಾಮಿಗೂ ಇರುವ ವ್ಯತ್ಯಾಸ ಈ ಸೀಮೆಗೆ ಹೊಸದೇನಲ್ಲ. ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ ಭಾಗದ ಗರಡಿಮನೆಗಳಲ್ಲಿ ಉಸ್ತಾದ್ ಹೊಸ ಹುಡುಗನಿಗೆ ಮೊದಲ ದಿನವೇ ಇನ್ನೂರು ಬಸ್ಕಿ ಹೊಡೆಸುವುದಿಲ್ಲ. ಎಣಿಸಿ ಶುರು ಮಾಡಿಸಿ ವಾರವಾರ ಏರಿಸುತ್ತಾನೆ. ಇವತ್ತು ಕಾಲಿಗೆ, ನಾಳೆ ಭುಜಕ್ಕೆ. ಸಾಮು ಮುಗಿದರೆ ಮಾಲೀಸು, ಊಟ, ನಿದ್ದೆ. ಇವತ್ತಿನ ಫಿಸಿಯೋಥೆರಪಿ ಕೇಳುವುದೂ ಇದನ್ನೇ: ಅಳತೆ, ಏರಿಕೆ, ಬದಲಾವಣೆ, ಬಿಡುವು. ಗೇಮೆಯಲ್ಲಿ ಈ ನಾಲ್ಕೂ ಇಲ್ಲ. ಅದಕ್ಕೇ ಗೇಮೆಯವನಿಗೂ ಸಾಮು ಬೇಕು. ಸುಸ್ತಾಗಲು ಅಲ್ಲ, ಗೇಮೆ ತಡೆಯುವ ಬಲ ಕೂಡಿಸಿಕೊಳ್ಳಲು.

ಎಷ್ಟು ಬೇಕು? ವಾರಕ್ಕೆ ಎರಡು ಮೂರು ದಿನ, ಇಪ್ಪತ್ತು ನಿಮಿಷ ಸಾಕು. ಕುರ್ಚಿಯಿಂದ ಕೈ ಊರದೆ ಏಳುವುದು-ಕೂರುವುದು, ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು, ಬೋರಲು ಮಲಗಿ ಮೊಳಕೈ ಊರಿ ಎದೆ ಎತ್ತುವುದು, ಗೋಡೆಗೆ ಕೈಕೊಟ್ಟು ದಂಡ. ಹತ್ತು ಸಲ ಸಲೀಸಾದರೆ ಹನ್ನೆರಡು. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮಾರನೇ ದಿನಕ್ಕೂ ಆ ನೋವು ಹೆಚ್ಚಾಗೇ ಉಳಿದರೆ ಅಳತೆ ಇಳಿಸಿ.

ಮಂಡಿ

ಮಂಡಿಯ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಕೀಲಿನ ಒಳಗೆ ಕ್ಯಾಮೆರಾ ಇಳಿಸಿ ಸವೆದ ಮೃದ್ವಸ್ಥಿಯನ್ನು ನಯ ಮಾಡುವ ಶಸ್ತ್ರಚಿಕಿತ್ಸೆ ಒಂದು ಕಾಲದಲ್ಲಿ ಬಹಳ ನಡೆಯಿತು. 2002ರಲ್ಲಿ ಹ್ಯೂಸ್ಟನ್ನಿನಲ್ಲಿ 180 ರೋಗಿಗಳ ಪೈಕಿ ಕೆಲವರಿಗೆ ನಿಜವಾದ ಶಸ್ತ್ರಚಿಕಿತ್ಸೆ, ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿಯುವ ಹುಸಿ ಶಸ್ತ್ರಚಿಕಿತ್ಸೆ ಮಾಡಿದರು. ಎರಡು ವರ್ಷದ ಬಳಿಕವೂ ಎರಡರ ಫಲಿತಾಂಶ ಒಂದೇ. ಮಂಡಿಯೊಳಗಿನ ದಿಂಬಿನಂಥ ಭಾಗ ವಯಸ್ಸಿನಿಂದ ಹರಿದವರ ಮೇಲೆ 2013ರಲ್ಲಿ ಫಿನ್ಲೆಂಡಿನವರು ಇದೇ ಬಗೆಯ ಪ್ರಯೋಗ ಮಾಡಿ ಇದೇ ಉತ್ತರ ಕಂಡರು. ಇದು ಪೂರಾ ಸವೆದ ಮಂಡಿಗೆ ಹೊಸ ಕೀಲು ಹಾಕುವ ಶಸ್ತ್ರಚಿಕಿತ್ಸೆಯ ಮಾತಲ್ಲ. ಅದು ಬೇರೆ, ತಕ್ಕವರಿಗೆ ಅದರಿಂದ ದೊಡ್ಡ ಉಪಕಾರವಿದೆ.

ತೂಕ ಇಳಿಸಿದರೆ ಮಂಡಿಗೆ ಅದರ ನಾಲ್ಕು ಪಟ್ಟು ಹಗುರ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕಿಲೋ ಭಾರ ಕಡಿಮೆ ಎಂದು 2005ರ ಅಧ್ಯಯನ ಲೆಕ್ಕ ಹಾಕಿದೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ನೋವು ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದರಲ್ಲಿ ಪ್ರಾಮಾಣಿಕವಾಗಿರೋಣ. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ತೂಗಿ 2024ರ ಕೊನೆಗೆ ಬಂದ ಕಾಕ್ರೇನ್ ಸಮೀಕ್ಷೆ, ವ್ಯಾಯಾಮದ ಲಾಭ ನಿಜ, ಆದರೆ ಸಣ್ಣದು ಎಂದಿದೆ. ಸಣ್ಣ ಲಾಭವನ್ನು ನಾನು ತಳ್ಳಿಹಾಕುವುದಿಲ್ಲ. ಅದರ ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡವೂ ಹತೋಟಿಗೆ ಬರುತ್ತವೆ. ಮೂತ್ರಪಿಂಡಕ್ಕೆ ಏಟು ಬೀಳುವುದಿಲ್ಲ. ಯಾವ ಮಾತ್ರೆಗೂ ಈ ಗುಣವಿಲ್ಲ. ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುವ, ಪಾತ್ರೆ ಬೆಳಗುವ ತಾಯಂದಿರಿಗೆ ನೋವಿರುವಷ್ಟು ದಿನ ಒಂದು ಗಿಡ್ಡ ಮಣೆಯೋ ಸ್ಟೂಲೋ ಒದಗಿಸಿದರೆ ಅದೂ ಚಿಕಿತ್ಸೆಯೇ.

ಸೂಜಿ, ಬೆಲ್ಟು, ಯಂತ್ರ

2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟ ನೋವಿಗೆ ಮೊದಲ ಮಾರ್ಗಸೂಚಿ ಹೊರಡಿಸಿತು. ತಿಳುವಳಿಕೆ, ವ್ಯಾಯಾಮ, ಕೈಚಿಕಿತ್ಸೆ, ಮಾಲೀಸು, ಮನಸ್ಸಿನ ಆಪ್ತಸಲಹೆ, ತಕ್ಕವರಿಗೆ ಉರಿಯೂತ ತಗ್ಗಿಸುವ ಮಾತ್ರೆ ಇವಕ್ಕೆ ಒಪ್ಪಿಗೆ ಇದೆ. ಸೊಂಟದ ಬೆಲ್ಟು, ಎಳೆತದ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಯಂತ್ರ, ವಿದ್ಯುತ್ ಚುರುಕಿನ ಟೆನ್ಸ್ ಯಂತ್ರ, ಅಫೀಮು ವರ್ಗದ ಔಷಧಗಳು ಮಾಮೂಲಾಗಿ ಬೇಡ ಎಂದಿದೆ. ಪ್ಯಾರಾಸಿಟಮಾಲ್ ಕೂಡ ಒಪ್ಪಿಗೆಯ ಪಟ್ಟಿಯಲ್ಲಿಲ್ಲ. ಆಗತಾನೇ ಹಿಡಿದ ಸೊಂಟ ನೋವಿಗೆ ಪ್ಯಾರಾಸಿಟಮಾಲ್ ತೆಗೆದುಕೊಂಡವರು 17 ದಿನಕ್ಕೆ, ಹುಸಿ ಮಾತ್ರೆ ತೆಗೆದುಕೊಂಡವರು 16 ದಿನಕ್ಕೆ ಚೇತರಿಸಿಕೊಂಡರೆಂದು 2014ರ ಪ್ರಯೋಗ ತೋರಿಸಿತ್ತು.

ಇದರಲ್ಲಿ ನನ್ನ ವೃತ್ತಿಯವರಿಗೂ ಏಟಿದೆ. ಹತ್ತು ದಿನ ಬನ್ನಿ, ಯಂತ್ರ ಹಚ್ಚುತ್ತೇವೆ ಎಂದು ನಡೆಯುವ ಕ್ಲಿನಿಕ್ಕುಗಳು ಇನ್ನು ತಮ್ಮ ಲೆಕ್ಕ ತಿದ್ದಿಕೊಳ್ಳಬೇಕು. ನಿಮಗೆ ಹೇಳುವುದಿಷ್ಟೇ: ನೀವು ಮನೆಯಲ್ಲಿ ಏನು ಮಾಡಬೇಕೆಂದು ಹೇಳಿಕೊಡದೆ ಬರೀ ಯಂತ್ರ ಹಚ್ಚಿ ಕಳಿಸುವ ಕಡೆ ಹೋಗಬೇಡಿ.

ಸೂಜಿಯ ವಿಷಯ ಇನ್ನೂ ಗಂಭೀರ. ಡೈಕ್ಲೋಫೆನಾಕ್ ಎಂಬ ನೋವಿನ ಮದ್ದನ್ನು ಬಲ್ಲಿರಿ. ಈ ಮದ್ದು ಹಾಕಿದ ದನದ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವೆಂದು 2004ರಲ್ಲಿ ತಿಳಿಯಿತು. 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಅದನ್ನು ನಿಷೇಧಿಸಿತು. ದುರ್ಬಳಕೆ ತಡೆಯಲು 2015ರಲ್ಲಿ ಮನುಷ್ಯರ ಸೂಜಿಮದ್ದಿನ ಸೀಸೆಯನ್ನೂ 3 ಮಿ.ಲೀ.ಗೆ ಇಳಿಸಿತು. ಮದ್ದೂರಿನ ಪಕ್ಕದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ್ದರ ಹಿಂದೆ ಇದೇ ಪಕ್ಷಿಗಳ ಅವನತಿಯ ಕಥೆಯಿದೆ. ಮನುಷ್ಯನ ಮೂತ್ರಪಿಂಡ ಹದ್ದಿನದಕ್ಕಿಂತ ಗಟ್ಟಿ. ಆದರೂ ಉರಿಬಿಸಿಲಲ್ಲಿ ನೀರು ಕುಡಿಯದೆ ಕಬ್ಬು ಕಡಿದು, ಸಂಜೆ ನೋವಿನ ಸೂಜಿ ಚುಚ್ಚಿಸಿಕೊಂಡು, ಬೆಳಗ್ಗೆ ಮತ್ತೆ ಬಿಸಿಲಿಗೆ ಇಳಿಯುವವರ ಮೂತ್ರಪಿಂಡಕ್ಕೆ ಎರಡೆರಡು ಏಟು. ಬಿ.ಪಿ., ಸಕ್ಕರೆ, ಹೊಟ್ಟೆಹುಣ್ಣು ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ವೈದ್ಯರು ಬರೆದಷ್ಟು ದಿನ, ಊಟದ ನಂತರ, ಅಷ್ಟೇ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನುಂಗಬೇಡಿ.

ತಡ ಮಾಡಬಾರದ ಸಂದರ್ಭಗಳು

ನೋವಿಗೆ ಹೆದರಬೇಡಿ ಎಂದ ಮೇಲೆ ಯಾವಾಗ ಹೆದರಬೇಕೆಂದೂ ಹೇಳಬೇಕು. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಕಾಲಿನ ಬಲ ದಿನದಿನಕ್ಕೆ ಕುಂದಿದರೆ, ಅವತ್ತೇ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗೆ ಹೋಗಿ. ಇಲ್ಲಿ ತಾಸುಗಳ ಲೆಕ್ಕ. ಜ್ವರ, ರಾತ್ರಿ ಬೆವರು, ತೂಕ ಇಳಿತ ಇದ್ದರೆ ಬೆನ್ನೆಲುಬಿನ ಕ್ಷಯವಿರಬಹುದು. ನಮ್ಮ ದೇಶದಲ್ಲಿ ಅದು ಅಪರೂಪವಲ್ಲ, ಮದ್ದಿನಿಂದ ವಾಸಿಯಾಗುತ್ತದೆ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದು ಪೆಟ್ಟಾದವರು, ಮುಟ್ಟು ನಿಂತ ಮೇಲೆ ಸಣ್ಣ ಏಟಿಗೇ ಬೆನ್ನು ಹಿಡಿದ ತಾಯಂದಿರು ಎಕ್ಸ್‌ರೇಗೆ ಹಿಂಜರಿಯಬಾರದು. ಇಂಥವರು ಉಳುಕು ತೆಗೆಯುವವರ ಕೈಗೆ ಬೆನ್ನು ಕೊಡಬಾರದು.

ಊರು ಮಾಡಬೇಕಾದದ್ದು

ಎಲ್ಲವನ್ನೂ ರೋಗಿಯ ಹೆಗಲಿಗೇ ಹೊರಿಸುವುದು ಅನ್ಯಾಯ. ಗೇಮೆಯೇ ನೋವು ತರುತ್ತಿದ್ದರೆ ಗೇಮೆಯ ರೀತಿ ಬದಲಾಗಬೇಕು. ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ನಮ್ಮ ಭತ್ತದ ಮೂಟೆ ಇದನ್ನು ಮೀರುವುದು ಮಾಮೂಲು. ಮೂಟೆ ಸಣ್ಣದು ಮಾಡಲು ಸಂಶೋಧನೆ ಬೇಕಿಲ್ಲ. ನಾಟಿ ಯಂತ್ರ, ಡ್ರಮ್ ಸೀಡರ್, ನಿಂತು ಕಳೆ ತೆಗೆಯುವ ಕೋನೋ ವೀಡರ್ ಬಂದು ವರ್ಷಗಳಾದವು. ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಬಾಡಿಗೆಗೆ ತರುವಾಗ ಟ್ರ್ಯಾಕ್ಟರ್ ಒಂದನ್ನೇ ಕೇಳಬೇಡಿ, ಹೆಂಗಸರ ಬೆನ್ನು ಉಳಿಸುವ ಈ ಸಲಕರಣೆಗಳನ್ನೂ ಕೇಳಿ. ನಾಟಿಗೆ ಆಳು ಕರೆದ ಮನೆಯವರು ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಎದ್ದು ನಿಲ್ಲಲು ಬಿಟ್ಟರೆ ಕೆಲಸವೇನೂ ಹಿಂದೆ ಬೀಳದು.

ಇನ್ನು ಸರ್ಕಾರದ ಪಾಲು. 2010-11ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಫಿಸಿಯೋಥೆರಪಿ ಸೇವೆಗೆ ಜಾಗವಿದೆ. 2021ರ ಕಾಯ್ದೆ ಫಿಸಿಯೋಥೆರಪಿಯೂ ಸೇರಿದಂತೆ ಸಹವೈದ್ಯಕೀಯ ವೃತ್ತಿಗಳಿಗೆ ರಾಷ್ಟ್ರಮಟ್ಟದ ಆಯೋಗ, ನೋಂದಣಿ ಕೊಟ್ಟಿದೆ. ಈ ಸೇವೆ ಹೋಬಳಿಗೆ ಬರಬೇಕು. ನಾನು ಹೇಳಿದ ಚಿಕಿತ್ಸೆಗೆ ಕಟ್ಟಡ ಬೇಡ, ಯಂತ್ರ ಬೇಡ. ಒಂದು ಕೋಣೆ, ಒಂದು ಚಾಪೆ, ಕೇಳಿಸಿಕೊಳ್ಳುವ ತಾಳ್ಮೆಯಿರುವ ಒಬ್ಬ ಓದಿದ ಮನುಷ್ಯ ಸಾಕು. ವಾರಕ್ಕೆ ಒಂದು ದಿನ ಬಂದರೂ ಸರಿ.

ಬಂಧುಗಳೇ, ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ರಸ್ತೆ, ಚರಂಡಿಯ ಜೊತೆಗೆ “ನಮ್ಮ ಹೋಬಳಿಗೆ ವಾರಕ್ಕೊಮ್ಮೆ ಫಿಸಿಯೋಥೆರಪಿಸ್ಟ್ ಬೇಕು” ಎಂಬ ಬೇಡಿಕೆಯನ್ನೂ ಇಡಿ. ಅದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ಓದಿಸಿ, ಆಮೇಲೆ ಸಹಿ ಹಾಕಿ.